ಘಟ್ಟ ಇಳಿಯುವ ಮುನ್ನ ನೆಲದ ಪರಿಚಯ: ಅಟ್ಲಾಸ್, ಸರ್ವೆ ನಕ್ಷೆ, ಫೋನು, ಗ್ಯಾಸೆಟಿಯರ್ – ಯಾರಿಗೆ ಯಾವುದು?

ದಸರಾ ರಜೆ ಹತ್ತಿರವಾದಂತೆ ಬೆಂಗಳೂರಿನಿಂದ ಮಲೆನಾಡು, ಕರಾವಳಿಗಳ ಕಡೆ ಹೊರಡುವ ಬಂಧುಗಳೂ ಸ್ನೇಹಿತರೂ ನನ್ನ ಬಳಿ ಒಂದು ಮಾತು ಕೇಳುವುದುಂಟು. ಎಲ್ಲಿ ಉಳಿದುಕೊಳ್ಳಬೇಕು, ಏನೇನು ನೋಡಬೇಕು ಎಂಬುದನ್ನು ಅವರು ಆಗಲೇ ಗೊತ್ತುಮಾಡಿಕೊಂಡಿರುತ್ತಾರೆ. ಗೊತ್ತಾಗದೆ ಉಳಿದಿರುವುದು ಆ ಸೀಮೆಯ ನೆಲದ ಮೈಕಟ್ಟು: ಯಾವ ಊರು ಘಟ್ಟದ ಮೇಲಿದೆ, ಯಾವುದು ಕೆಳಗಿದೆ, ಯಾವ ಹೊಳೆ ಎತ್ತ ಹರಿಯುತ್ತದೆ, ಪಟದಲ್ಲಿ ಬೆರಳಗಲದಷ್ಟು ಹತ್ತಿರ ಕಾಣುವ ಎರಡು ಊರುಗಳ ನಡುವೆ ನಿಜವಾಗಿ ಎಷ್ಟು ದಾರಿ ಇದೆ. ಇದನ್ನು ಕಲಿಯಲು ಶಾಲೆಯ ಅಟ್ಲಾಸ್ ಸಾಕೇ, ಸರ್ಕಾರಿ ನಕ್ಷಾ ಸಂಸ್ಥೆಯಾದ ಸರ್ವೆ ಆಫ್ ಇಂಡಿಯಾದ ನಕ್ಷೆ ಬೇಕೇ, ಕೈಯಲ್ಲಿರುವ ಫೋನೇ ಸಾಲದೇ, ಜಿಲ್ಲೆಯ ವಿವರಗಳಿರುವ ಹಳೆಯ ಗ್ಯಾಸೆಟಿಯರ್ ಓದಬೇಕೇ, ಇಲ್ಲವೇ ಆ ಊರಿನವರನ್ನೇ ಕೇಳಿದರೆ ಮುಗಿಯಿತೇ ಎಂಬುದು ಅವರ ಗೊಂದಲ. ಈ ಐದನ್ನೂ ನಾನು ಹಲವು ವರ್ಷಗಳಿಂದ ಬಳಸಿದ್ದೇನೆ. ಒಂದೊಂದೂ ಯಾರಿಗೆ, ಎಷ್ಟು ಒದಗುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ.

ಈ ತಿಳಿವಳಿಕೆ ಏಕೆ ಬೇಕು ಎಂಬುದನ್ನು ನನಗೆ ಕಲಿಸಿದ್ದು ಕಳಸದಿಂದ ಧರ್ಮಸ್ಥಳಕ್ಕೆ ಹೋದ ಒಂದು ಸಂಜೆ. ಅಪ್ಪ, ಅಮ್ಮ ಜೊತೆಗಿದ್ದರು. ಸಂಜೆಯ ಪೂಜೆಯ ಹೊತ್ತಿಗೆ ಧರ್ಮಸ್ಥಳದಲ್ಲಿ ಇರಬೇಕೆಂಬುದು ಅಪ್ಪನ ಆಸೆಯಾಗಿತ್ತು. ಪಟದಲ್ಲಿ ಅಳೆದರೆ ಎರಡೂ ಊರುಗಳ ನಡುವಿನ ನೇರ ಅಂತರ ಸುಮಾರು 30 ಕಿಲೋಮೀಟರ್. ಒಂದು ಗಂಟೆಯ ದಾರಿ ಎಂದುಕೊಂಡು ಮಧ್ಯಾಹ್ನದ ಊಟ ಮುಗಿಸಿ ನಿಧಾನವಾಗಿ ಹೊರಟೆವು. ಆ 30 ಕಿಲೋಮೀಟರಿನ ನಡುವೆ ಪಶ್ಚಿಮಘಟ್ಟದ ಅಂಚು ಗೋಡೆಯಂತೆ ನಿಂತಿದೆ ಎಂಬುದಾಗಲಿ, ರಸ್ತೆ ಪೂರ್ವಕ್ಕೆ ತಿರುಗಿ ಕೊಟ್ಟಿಗೆಹಾರವನ್ನು ಮುಟ್ಟಿ ಅಲ್ಲಿಂದ ಚಾರ್ಮಾಡಿ ಘಾಟಿ ಇಳಿಯಬೇಕು ಎಂಬುದಾಗಲಿ ನನಗೆ ತಿಳಿದಿರಲಿಲ್ಲ. ನೇರ ಅಂತರದ ಎರಡು ಪಟ್ಟಿಗೂ ಮೀರಿದ ದಾರಿ ಅದು. ಘಾಟಿಯಲ್ಲಿ ಮಂಜು ಮುಸುಕಿತು. ತಲುಪಿದಾಗ ದರ್ಶನದ ಹೊತ್ತು ಮುಗಿದಿತ್ತು. ಅಪ್ಪ ಏನೂ ಅನ್ನಲಿಲ್ಲ, ಆದರೆ ಆ ದಿನ ಅವರು ಬಹಳ ದಣಿದಿದ್ದರು. ಅಂದು ನನ್ನಲ್ಲಿ ದಾರಿ ತೋರಿಸುವ ಸಾಧನವಿತ್ತು. ಇಲ್ಲದಿದ್ದದ್ದು ನೆಲದ ಅರಿವು.

ಆಯ್ಕೆಗೆ ಮುನ್ನ ಅಳತೆಗೋಲು

ಯಾವ ಸಾಧನವನ್ನೇ ತೂಗಿದರೂ ನಾನು ಮೊದಲು ಕೇಳುವುದು, ಅದು ಏರು–ತಗ್ಗುಗಳನ್ನು ಎಷ್ಟು ಸ್ಪಷ್ಟವಾಗಿ ತೋರಿಸುತ್ತದೆ ಎಂಬುದನ್ನು. ಬಯಲುಸೀಮೆಯಲ್ಲಿ ರಸ್ತೆ ತಿಳಿದರೆ ಊರು ತಿಳಿದಂತೆ. ಘಟ್ಟದ ಸೀಮೆಯಲ್ಲಿ ಮಾತ್ರ ಎತ್ತರವೂ ನೀರಿನ ದಿಕ್ಕೂ ತಿಳಿಯದೆ ಏನೂ ತಿಳಿಯುವುದಿಲ್ಲ, ಏಕೆಂದರೆ ಮಳೆ, ಬೆಳೆ, ರಸ್ತೆ, ಮನೆಯ ಮಾಡಿನ ಇಳಿಜಾರು ಎಲ್ಲವೂ ಅವನ್ನೇ ಅನುಸರಿಸುತ್ತವೆ. ಎರಡನೆಯದು, ಇಡೀ ಸೀಮೆ ಒಂದೇ ನೋಟಕ್ಕೆ ಸಿಗುತ್ತದೆಯೇ ಎಂಬುದು. ಮೂರನೆಯದು, ಸಣ್ಣ ಊರುಗಳ ಹೆಸರು ಸರಿಯಾದ ಕನ್ನಡ ರೂಪದಲ್ಲಿ ದೊರೆಯುತ್ತದೆಯೇ ಎಂಬುದು. ನೆಟ್‌ವರ್ಕ್ ಇಲ್ಲದ ಕಡೆ ಅದು ಕೆಲಸಕ್ಕೆ ಬರುತ್ತದೆಯೇ, ಈ ವಾರದ ಸ್ಥಿತಿಯನ್ನು ಹೇಳುತ್ತದೆಯೇ, ಹಣವೂ ಸಮಯವೂ ಎಷ್ಟು ಬೇಕು ಎಂಬ ಪ್ರಶ್ನೆಗಳು ಆಮೇಲಿನವು. ಯಾವುದೇ ಒಂದು ಸಾಧನ ಇವೆಲ್ಲಕ್ಕೂ ಉತ್ತರ ಕೊಡುವುದಿಲ್ಲವಾದ್ದರಿಂದ, ನಿಮ್ಮ ಪ್ರವಾಸಕ್ಕೆ ಯಾವ ಪ್ರಶ್ನೆ ಮುಖ್ಯ ಎಂಬುದನ್ನು ನೀವೇ ಮೊದಲು ನಿರ್ಧರಿಸಿಕೊಳ್ಳಬೇಕು.

ಅಟ್ಲಾಸ್ ಮತ್ತು ಗೋಡೆಯ ಪಟ

ಮನೆಯಲ್ಲಿ ಮಕ್ಕಳಿದ್ದರೆ ಅಟ್ಲಾಸ್ ಆಗಲೇ ಇರುತ್ತದೆ. ಇಲ್ಲದಿದ್ದರೆ ಅವೆನ್ಯೂ ರಸ್ತೆಯಲ್ಲೋ ಗಾಂಧಿನಗರದ ಪುಸ್ತಕದಂಗಡಿಗಳಲ್ಲೋ ಕಡಿಮೆ ಬೆಲೆಗೆ ಸಿಗುತ್ತದೆ. ಕನ್ನಡದ ಅಟ್ಲಾಸುಗಳೂ ಇವೆ. ಕೊಳ್ಳುವಾಗ ಜಿಲ್ಲೆಗಳಿಗೆ ಬಣ್ಣ ಬಳಿದ ರಾಜಕೀಯ ಪಟವನ್ನು ನೋಡಿ ತೃಪ್ತರಾಗಬೇಡಿ. ಎತ್ತರಕ್ಕೆ ತಕ್ಕಂತೆ ಹಸಿರು, ಹಳದಿ, ಕಂದು ಬಣ್ಣಗಳಿರುವ ಪ್ರಾಕೃತಿಕ ಪಟ ಅದರಲ್ಲಿ ಇದೆಯೇ ಎಂದು ಪುಟ ತಿರುವಿ ನೋಡಿ.

ಈ ಪಟದ ಮುಂದೆ ಅರ್ಧ ಗಂಟೆ ಕುಳಿತರೆ ಹಲವರ ತಪ್ಪು ಕಲ್ಪನೆಯೊಂದು ಕರಗುತ್ತದೆ. ಮಲೆನಾಡಿಗೆ ಹೋಗುವುದೆಂದರೆ ಬೆಂಗಳೂರಿನಿಂದ ಮೇಲಕ್ಕೆ ಹತ್ತುವುದು ಎಂದು ನಾವು ಭಾವಿಸುತ್ತೇವೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಶಿವಮೊಗ್ಗ 600 ಮೀಟರಿಗಿಂತ ಕೆಳಗಿದೆ, ಆಗುಂಬೆ ಊರು ಸುಮಾರು 650 ಮೀಟರ್ ಎತ್ತರದಲ್ಲಿದೆ. ಅಂದರೆ ತುಮಕೂರು, ಅರಸೀಕೆರೆ, ಶಿವಮೊಗ್ಗಗಳ ಮೂಲಕ ಆಗುಂಬೆಗೆ ಹೋಗುವವರು ಒಟ್ಟಾರೆ ಇಳಿಯುತ್ತಲೇ ಹೋಗಿರುತ್ತಾರೆ. ಚಿಕ್ಕಮಗಳೂರಿನ ಕಡೆ ಹೋದವರು ಮಾತ್ರ ನಿಜವಾಗಿ ಮೇಲೇರುತ್ತಾರೆ. ರಾಜ್ಯದ ಅತ್ಯುನ್ನತ ಶಿಖರವಾದ, 1,900 ಮೀಟರಿಗೂ ಮೀರಿದ ಮುಳ್ಳಯ್ಯನಗಿರಿ ಇರುವುದು ಆ ಊರಿನ ಬೆನ್ನಿಗೇ. ಆಗುಂಬೆಯ ನೆನಪಿನಲ್ಲಿ ಉಳಿಯುವುದು ಅದರ ಎತ್ತರಕ್ಕಿಂತ ಅದರ ಅಂಚು: ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವ ರಸ್ತೆ ಕೆಲವೇ ಕಿಲೋಮೀಟರುಗಳಲ್ಲಿ ಐನೂರು ಮೀಟರಿನಷ್ಟು ಕೆಳಕ್ಕೆ ಹೋಗುತ್ತದೆ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಮೊದಲು ಎದುರುಗೊಳ್ಳುವ ತಡೆ ಈ ಅಂಚೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳಲು ಇದೇ ಕಾರಣ. ಬೆಂಗಳೂರಿನ ಸರಾಸರಿ ಮಳೆ 1,000 ಮಿಲಿಮೀಟರಿನ ಒಳಗೇ ಇದೆ.

ಅಟ್ಲಾಸಿನ ಮಿತಿಯೂ ಇಲ್ಲೇ ಇದೆ. ಅದು ಇಡೀ ಸೀಮೆಯನ್ನು ಒಂದು ಪುಟದಲ್ಲಿ ಕೊಡುವುದರಿಂದ ಕೊಟ್ಟಿಗೆಹಾರದಂಥ ಊರುಗಳಿಗೆ ಅದರಲ್ಲಿ ಜಾಗ ಇರುವುದಿಲ್ಲ, ರಸ್ತೆಯ ತಿರುವುಗಳು ನೇರ ಗೆರೆಗಳಾಗಿಬಿಡುತ್ತವೆ. ನಾನು ಆ ಸಂಜೆ ಮೋಸಹೋದದ್ದು ಇಂಥ ಒಂದು ಪಟವನ್ನು ನಂಬಿಯೇ. ಅದರಲ್ಲಿ ದೂರವನ್ನು ಅಳೆಯಬೇಡಿ, ದಿಕ್ಕು ಮತ್ತು ಎತ್ತರಗಳನ್ನು ಮಾತ್ರ ಓದಿಕೊಳ್ಳಿ.

ಸರ್ವೆ ಆಫ್ ಇಂಡಿಯಾದ ನಕ್ಷೆ

ನನ್ನ ಮೆಚ್ಚಿನ ಸಾಧನ ಇದು, ಆದ್ದರಿಂದ ಸ್ವಲ್ಪ ದೀರ್ಘವಾಗಿ ಹೇಳುತ್ತೇನೆ. 1767ರಲ್ಲಿ ಆರಂಭವಾದ ಈ ಸಂಸ್ಥೆಯ ಕೇಂದ್ರ ಕಚೇರಿ ಡೆಹ್ರಾಡೂನಿನಲ್ಲಿದೆ. ಬೆಂಗಳೂರಿನಲ್ಲಿ ಅದರ ಕಚೇರಿ ಇರುವುದು ಕೋರಮಂಗಲದಲ್ಲಿ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗಾಗಿ ಬಂದ ಮುಕ್ತ ಸರಣಿಯ ನಕ್ಷೆಗಳನ್ನು ಈಗ ಸಂಸ್ಥೆಯ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು.

ಇವುಗಳ ಮಾನ 1:50,000. ಅಂದರೆ ಹಾಳೆಯ ಮೇಲಿನ 2 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ಒಂದು ಹಾಳೆ ಅಕ್ಷಾಂಶ, ರೇಖಾಂಶಗಳ 15 ಮಿನಿಟುಗಳಷ್ಟನ್ನು (ಅಂದರೆ ಕಾಲು ಡಿಗ್ರಿಯನ್ನು), ನಮ್ಮ ಕಡೆ ಸುಮಾರು 27 ಕಿಲೋಮೀಟರ್ ಉದ್ದ–ಅಗಲವನ್ನು ಹಿಡಿಯುತ್ತದೆ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಕಂದು ಗೆರೆಗಳನ್ನು ಪ್ರತಿ 20 ಮೀಟರಿಗೊಂದರಂತೆ ಎಳೆದಿರುತ್ತಾರೆ. ಈ ಗೆರೆಗಳು ಒತ್ತೊತ್ತಾಗಿದ್ದಷ್ಟೂ ನೆಲ ಕಡಿದಾಗಿರುತ್ತದೆ, ಬಿಡಿಬಿಡಿಯಾಗಿದ್ದಷ್ಟೂ ಸಮತಟ್ಟಾಗಿರುತ್ತದೆ. ಆಗುಂಬೆಯ ಪಶ್ಚಿಮಕ್ಕೆ ಅವು ಎಷ್ಟು ದಟ್ಟವಾಗಿವೆಯೆಂದರೆ ದೂರದಿಂದ ನೋಡಿದವರಿಗೆ ಕಂದು ಬಣ್ಣದ ಪಟ್ಟಿಯೊಂದನ್ನೇ ಬಳಿದಂತೆ ತೋರುತ್ತದೆ.

ಕಳೆದ ವರ್ಷ ಶೃಂಗೇರಿ, ಆಗುಂಬೆ, ಕುದುರೆಮುಖದ ಹಾಳೆಗಳನ್ನು ಮುದ್ರಿಸಿ ತಂದು ಮನೆಯ ನಡುಕೋಣೆಯಲ್ಲಿ ಅಂಚಿಗೆ ಅಂಚು ಸೇರಿಸಿ ಹರಡಿದೆ. ಎಂಟನೆಯ ತರಗತಿಯಲ್ಲಿದ್ದ ಮಗಳಿಗೆ ಎರಡು ಪೆನ್ಸಿಲ್ ಕೊಟ್ಟೆ. ಪಶ್ಚಿಮಕ್ಕೆ ಹರಿದು ಸೀತಾನದಿ, ಸ್ವರ್ಣಾ ಮುಂತಾದ ಕರಾವಳಿಯ ಹೊಳೆಗಳನ್ನು ಸೇರುವ ಪ್ರತಿ ಹಳ್ಳದ ಮೇಲೂ ನೀಲಿ ಗೆರೆ, ತುಂಗೆಯನ್ನೋ ಭದ್ರೆಯನ್ನೋ ಸೇರುವ ಪ್ರತಿ ಹಳ್ಳದ ಮೇಲೂ ಕೆಂಪು ಗೆರೆ ಎಳೆಯಬೇಕು ಎಂದು ಹೇಳಿದೆ. ಎರಡು ಸಂಜೆ ಹಿಡಿಯಿತು. ಕೊನೆಗೆ ನೀಲಿಗೂ ಕೆಂಪಿಗೂ ನಡುವೆ ಯಾರೂ ಬರೆಯದ ಒಂದು ಖಾಲಿ ದಾರಿ ಉಳಿಯಿತು. ಅದೇ ಘಟ್ಟದ ನೆತ್ತಿ, ನೀರನ್ನು ಎರಡು ಸಮುದ್ರಗಳಿಗೆ ಹಂಚುವ ಗೆರೆ. ಅದು ಆಗುಂಬೆ ಊರಿಗೆ ತೀರ ಸಮೀಪದಲ್ಲೇ ಹಾದುಹೋಗುತ್ತದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ಸೀತಾನದಿಯ ಮೂಲಕ ಬೇಗನೆ ಅರಬ್ಬಿ ಸಮುದ್ರಕ್ಕೆ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಮಾಲತಿ ಹೊಳೆಯಾಗಿ ತುಂಗೆಯನ್ನು ಕೂಡಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಹೊಸಪೇಟೆಯ ಅಣೆಕಟ್ಟೆಯನ್ನು ದಾಟಿ, ಕೃಷ್ಣೆಯ ಪಾಲಾಗಿ ಆಂಧ್ರದ ತೀರದಲ್ಲಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ತುಂಗೆ ಹುಟ್ಟುವ ಗಂಗಾಮೂಲದಿಂದ ಪಶ್ಚಿಮದ ಕಡಲು 60 ಕಿಲೋಮೀಟರಿನ ಒಳಗೇ ಇದೆ ಎಂಬುದನ್ನು ಮಗಳು ಅಳತೆಪಟ್ಟಿ ಇಟ್ಟು ತಾನೇ ಲೆಕ್ಕ ಹಾಕಿದಳು.

ರಸ್ತೆಯ ನಿಜವಾದ ದೂರ ತಿಳಿಯಲು ಹೊಲಿಗೆಯ ದಾರ ಸಾಕು. ಅದನ್ನು ನಕ್ಷೆಯ ರಸ್ತೆಯ ತಿರುವುಗಳ ಮೇಲೆ ಕೂಡಿಸಿ, ಆಮೇಲೆ ಬಿಚ್ಚಿ ಅಳೆದು, ಸೆಂಟಿಮೀಟರುಗಳನ್ನು ಎರಡರಿಂದ ಭಾಗಿಸಿದರೆ ಕಿಲೋಮೀಟರ್ ಬರುತ್ತದೆ. ಕಳಸದಿಂದ ಧರ್ಮಸ್ಥಳದ ದಾರಿಯನ್ನು ಹೀಗೆ ಮೊದಲೇ ಅಳೆದಿದ್ದರೆ ಅಪ್ಪನಿಗೆ ಪೂಜೆ ತಪ್ಪುತ್ತಿರಲಿಲ್ಲ.

ಇದರ ಕೊರತೆಗಳನ್ನೂ ಹೇಳಬೇಕು. ಹೆಸರುಗಳು ಬಹುತೇಕ ಇಂಗ್ಲಿಷ್ ಲಿಪಿಯಲ್ಲಿರುತ್ತವೆ. ರಸ್ತೆಗಳ ವಿವರ ಸಮೀಕ್ಷೆ ನಡೆದ ವರ್ಷದ್ದು, ಆದ್ದರಿಂದ ಅಂಚಿನಲ್ಲಿ ಮುದ್ರಿಸಿರುವ ಆ ವರ್ಷವನ್ನು ಮೊದಲು ನೋಡಬೇಕು. ನೀವು ಹೋಗುವ ಊರು ಹಾಳೆಯ ಮೂಲೆಯಲ್ಲಿ ಬಂದರೆ ಪಕ್ಕದ ಎರಡು–ಮೂರು ಹಾಳೆಗಳೂ ಬೇಕಾಗುತ್ತವೆ. ಹಾಳೆಗಳ ಸಂಖ್ಯೆ ಹುಡುಕುವುದೂ ಹೊಸಬರಿಗೆ ಕಷ್ಟ. ಹಳೆಯ ಕ್ರಮದಲ್ಲಿ ಆಗುಂಬೆ, ಶೃಂಗೇರಿ, ಕಳಸ, ಚಿಕ್ಕಮಗಳೂರು ಎಲ್ಲವೂ 48–ಓ ಎಂಬ ವಿಭಾಗದಲ್ಲಿ ಬರುತ್ತವೆ, ಅದರೊಳಗೆ 16 ಹಾಳೆಗಳಿರುತ್ತವೆ ಎಂಬುದನ್ನು ತಿಳಿದುಕೊಂಡರೆ ಹುಡುಕಾಟ ಸುಲಭವಾಗುತ್ತದೆ. ಒಂದು ವಾರದ ಬಿಡುವಿಲ್ಲದವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ.

ಫೋನು ಮತ್ತು ಕಂಪ್ಯೂಟರ್

ಫೋನಿನ ನಕ್ಷೆಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಗೂಗಲ್ ಮ್ಯಾಪ್ಸ್ ದಾರಿ ತೋರಿಸಲು, ಪ್ರಯಾಣದ ಅವಧಿ ಹೇಳಲು, ಪೆಟ್ರೋಲ್ ಬಂಕ್ ಹುಡುಕಲು ಒಳ್ಳೆಯದು. ಬೇಕಾದ ಪ್ರದೇಶವನ್ನು ಮೊದಲೇ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ವಾಹನದ ದಾರಿಯನ್ನು ತೋರಿಸುತ್ತದೆ, ನಡೆದು ಹೋಗುವ ದಾರಿಯನ್ನು ತೋರಿಸುವುದಿಲ್ಲ. ಆದರೆ ಕಲಿಕೆಯ ದೃಷ್ಟಿಯಿಂದ ಅದಕ್ಕೊಂದು ದೊಡ್ಡ ಕೊರತೆಯಿದೆ. ಅಂಗೈಯಗಲದ ಪರದೆಯಲ್ಲಿ ಸೀಮೆ ಕಾಣಬೇಕಾದರೆ ಊರು ಮಾಯವಾಗುತ್ತದೆ, ಊರು ಕಾಣಬೇಕಾದರೆ ಸೀಮೆ ಮಾಯವಾಗುತ್ತದೆ. ನೀಲಿ ಗೆರೆಯನ್ನು ಹಿಂಬಾಲಿಸಿ ಊರು ತಲುಪಿದವರಿಗೆ ತಾವು ಯಾವ ಹೊಳೆಯನ್ನು ದಾಟಿದೆವೆಂಬುದೇ ತಿಳಿದಿರುವುದಿಲ್ಲ.

ಗೂಗಲ್ ಅರ್ಥ್ ಬೇರೆಯೇ ವಸ್ತು. ಅದನ್ನು ಫೋನಿಗಿಂತ ಕಂಪ್ಯೂಟರಿನಲ್ಲಿ ತೆರೆದು, ನೋಟವನ್ನು ಓರೆಯಾಗಿಸಿ, ಮಂಗಳೂರಿನ ಕಡಲಿನಿಂದ ಪೂರ್ವಕ್ಕೆ ಹಾರಿಕೊಂಡು ಬನ್ನಿ. ಬಂಟ್ವಾಳ, ಬೆಳ್ತಂಗಡಿಗಳ ಗುಡ್ಡ–ಬೈಲುಗಳ ನೆಲ ದಾಟುತ್ತಿದ್ದಂತೆ ಎದುರಿಗೆ ಘಟ್ಟ ಏಳುವುದನ್ನು ನೋಡಿದವರಿಗೆ ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎಂದು ಅಲ್ಲಿಯವರು ಲೋಕವನ್ನೇ ಎರಡಾಗಿ ಹೇಳುವುದೇಕೆಂದು ತಕ್ಷಣ ಅರ್ಥವಾಗುತ್ತದೆ. ಗೆರೆಗಳ ನಕ್ಷೆಯನ್ನು ಓದಲು ಕಷ್ಟಪಡುವವರಿಗೆ, ಮಕ್ಕಳಿಗೆ, ಒಂದೇ ಸಂಜೆಯ ಬಿಡುವಿರುವವರಿಗೆ ಇದಕ್ಕಿಂತ ಉತ್ತಮ ಸಾಧನವಿಲ್ಲ. ಇಸ್ರೋದ ಭುವನ್ ಕೂಡ 2009ರಿಂದ ಉಪಗ್ರಹ ಚಿತ್ರಗಳನ್ನು ಒದಗಿಸುತ್ತಿದೆ. ಭೂಬಳಕೆಯಂಥ ವಿಷಯಗಳ ಪ್ರತ್ಯೇಕ ಪದರಗಳು ಬೇಕಾದವರಿಗೆ ಅದು ಉಪಯುಕ್ತ, ಪ್ರವಾಸಿಗೆ ಅಷ್ಟಾಗಿ ಬೇಕಾಗದು.

ಮೂರನೆಯದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಆರಂಭವಾದ, ಬಳಕೆದಾರರೇ ಕೂಡಿ ಕಟ್ಟುತ್ತಿರುವ ಈ ನಕ್ಷೆಯನ್ನು ಆರ್ಗಾನಿಕ್ ಮ್ಯಾಪ್ಸ್, ಓಎಸ್‌ಎಂಆ್ಯಂಡ್ ಎಂಬ ಅಪ್ಲಿಕೇಶನ್‌ಗಳ ಮೂಲಕ ಪೂರ್ತಿಯಾಗಿ ಫೋನಿಗೆ ಇಳಿಸಿಕೊಳ್ಳಬಹುದು. ಕಾಲುದಾರಿಗಳೂ ಎತ್ತರದ ಗೆರೆಗಳೂ ಅದರಲ್ಲಿ ಸಿಗುತ್ತವೆ. ಚಾರಣಕ್ಕೆ ಹೋಗುವವರು ಗೂಗಲ್‌ಗಿಂತ ಇದನ್ನೇ ನೆಚ್ಚುವುದು ಸರಿ. ಆದರೆ ಯಾರೂ ಬರೆಯದ ಕಡೆ ಅದು ಖಾಲಿಯಾಗಿಯೇ ಇರುತ್ತದೆ. ಖಾಲಿ ಜಾಗ ಎಂದರೆ ದಾರಿಯೂ ಇಲ್ಲ, ಮನೆಯೂ ಇಲ್ಲ ಎಂದು ತಿಳಿಯಬಾರದು.

ಗ್ಯಾಸೆಟಿಯರ್

ಓದುವ ಹವ್ಯಾಸವಿರುವವರಿಗೆ, ನೋಡಿದ್ದನ್ನು ಬರೆಯುವವರಿಗೆ ಇದು ಸೂಕ್ತ. ನದಿ, ಬೆಟ್ಟ, ಹವೆ, ಮಣ್ಣು, ಬೆಳೆ, ಘಾಟಿ ದಾರಿಗಳನ್ನು ಜಿಲ್ಲೆಯ ಪ್ರಕಾರ ವಿವರಿಸುವ ಈ ಸಂಪುಟಗಳಲ್ಲಿ ಬ್ರಿಟಿಷರ ಕಾಲದವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ರಾಜ್ಯ ಸರ್ಕಾರ ಆಮೇಲೆ ಹೊರತಂದ ಜಿಲ್ಲಾ ಗ್ಯಾಸೆಟಿಯರುಗಳೂ ಇವೆ. ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ಕೇಂದ್ರ ಗ್ರಂಥಾಲಯದಲ್ಲಿ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯಲ್ಲಿ ಇವುಗಳನ್ನು ವಿಚಾರಿಸಬಹುದು.

ಹಳೆಯದನ್ನು ಹುಡುಕುವವರು ಹಳೆಯ ಗಡಿಗಳನ್ನು ನೆನಪಿಡಬೇಕು. ಶಿವಮೊಗ್ಗ, ಚಿಕ್ಕಮಗಳೂರು ಮೈಸೂರು ಸಂಸ್ಥಾನದಲ್ಲಿದ್ದವು. ದಕ್ಷಿಣ ಕನ್ನಡ ಮದ್ರಾಸಿಗೂ ಉತ್ತರ ಕನ್ನಡ ಮುಂಬೈಗೂ ಸೇರಿದ್ದವು. ಕೊಡಗು ಬೇರೆಯೇ ಇತ್ತು. ಇವೆಲ್ಲ ಒಂದು ರಾಜ್ಯವಾದದ್ದು 1956ರಲ್ಲಿ. ಹೀಗಾಗಿ ಆಗುಂಬೆ ಘಾಟಿಯನ್ನು ಇಳಿಯುವ ಒಂದೇ ಪ್ರವಾಸಕ್ಕೆ ಎರಡು ಆಡಳಿತಗಳ ಎರಡು ಗ್ರಂಥಗಳು ಬೇಕಾಗುತ್ತವೆ. ಇನ್ನೊಂದು ಎಚ್ಚರಿಕೆ ಶರಾವತಿ ಕಣಿವೆಗೆ ಸಂಬಂಧಿಸಿದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡ ಮೇಲೆ ಅಲ್ಲಿಯ ಎಷ್ಟೋ ಊರುಗಳು ನೀರಿನಡಿ ಹೋದವು. ಅದಕ್ಕೂ ಹಿಂದಿನ ಪುಸ್ತಕದಲ್ಲಿ ಬರುವ ಹಳ್ಳಿ, ದಾರಿ, ಗದ್ದೆಗಳನ್ನು ಇಂದಿನ ನೆಲದ ಮೇಲೆ ಹುಡುಕುವಂತಿಲ್ಲ. ಬೆಟ್ಟದ ಸಾಲು, ಮಳೆಯ ಕ್ರಮ, ನದಿಯ ಹುಟ್ಟು ಇವುಗಳ ಮಟ್ಟಿಗೆ ಹಳೆಯ ವಿವರಣೆ ಇಂದಿಗೂ ನಿಲ್ಲುತ್ತದೆ.

ಆ ಊರಿನವರು

ಬೆಂಗಳೂರಿನಲ್ಲಿ ಮಲೆನಾಡಿನವರು, ಕರಾವಳಿಯವರು ಸಿಗದ ಬೀದಿಯಿಲ್ಲ. ಒಂದು ಲೋಟ ಕಾಫಿಯ ಹೊತ್ತಿನಲ್ಲಿ ಅವರಿಂದ ಕಲಿಯುವುದನ್ನು ಯಾವ ನಕ್ಷೆಯೂ ಕಲಿಸದು, ಅದರಲ್ಲೂ ಹೆಸರುಗಳ ವಿಷಯದಲ್ಲಿ. ಇಂಗ್ಲಿಷ್ ಲಿಪಿಯಲ್ಲಿ ಕಳಸದ ‘ಳ’ ಕಾಣುವುದಿಲ್ಲ. ‘ಹಾಡಿ’ ಎಂದರೆ ಕುಂದಾಪುರದ ಕಡೆ ಮರಗಳಿರುವ ಕಾಡಿನ ತುಂಡು, ಕೊಡಗಿನ ಕಡೆ ಬುಡಕಟ್ಟು ಜನರ ವಸತಿ. ಶಿರಸಿಯ ಅಡಿಕೆ ಬೆಳೆಗಾರರು ‘ಬೆಟ್ಟ’ ಎಂದರೆ ಶಿಖರವನ್ನು ನೆನೆಯಬೇಡಿ. ತೋಟಕ್ಕೆ ಸೊಪ್ಪು ತರುವ ಇಳಿಜಾರಿನ ಕಾಡನ್ನು ಅವರು ಹಾಗೆ ಕರೆಯುತ್ತಾರೆ. ‘ಬೈಲು’ ಗುಡ್ಡಗಳ ನಡುವಿನ ತಗ್ಗಿನ ಗದ್ದೆ, ‘ಕಾನು’ ದಟ್ಟವಾದ ನಿತ್ಯಹರಿದ್ವರ್ಣದ ಕಾಡು. ಈ ನಾಲ್ಕು ಮಾತು ತಿಳಿದಿದ್ದರೆ ಊರಿನ ಹೆಸರೇ ನಕ್ಷೆಯ ಕೆಲಸ ಮಾಡುತ್ತದೆ.

ಅವರನ್ನು ದೂರ ಕೇಳಿದರೆ ಮಾತ್ರ ಉತ್ತರ ಕಿಲೋಮೀಟರಿನಲ್ಲಿ ಬರುವುದಿಲ್ಲ, ಬಸ್ಸಿನ ಹೊತ್ತಿನಲ್ಲಿ ಬರುತ್ತದೆ. ಘಟ್ಟದಲ್ಲಿ ಅದೇ ಹೆಚ್ಚು ನಂಬಬಹುದಾದ ಅಳತೆ. ಘಾಟಿಯ ಇಂದಿನ ಸ್ಥಿತಿಯನ್ನೂ ಅವರೇ ಹೇಳಬಲ್ಲರು. 2018ರ ಆಗಸ್ಟಿನಲ್ಲಿ ಸಂಪಾಜೆಯ ದಾರಿ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಭೂಕುಸಿತದಿಂದ ಮುಚ್ಚಿದ್ದವು. 2024ರ ಜುಲೈನಲ್ಲಿ ಎಡಕುಮೇರಿಯ ಬಳಿ ಹಳಿಯ ಕೆಳಗಿನ ಮಣ್ಣು ಕುಸಿದು ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗವೂ ನಿಂತಿತ್ತು. ಕಾಗದದ ನಕ್ಷೆಗೆ ಇದು ತಿಳಿಯದು. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೊರಡುವವರು ಜಿಲ್ಲಾಡಳಿತದ ಪ್ರಕಟಣೆಗಳ ಜೊತೆಗೆ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಯ ನಕ್ಷೆಗಳನ್ನು ದಿನವೂ ನೋಡಬೇಕು.

ನಿಮಗೆ ಯಾವುದು?

ಮಕ್ಕಳೊಂದಿಗೆ ಕಾರಿನಲ್ಲಿ ಮೂರು ದಿನದ ಪ್ರವಾಸ ಹೋಗುವವರಾದರೆ ಅಟ್ಲಾಸಿನ ಪ್ರಾಕೃತಿಕ ಪಟದೊಂದಿಗೆ ಒಂದು ಸಂಜೆ, ಗೂಗಲ್ ಅರ್ಥ್‌ನೊಂದಿಗೆ ಇನ್ನೊಂದು ಸಂಜೆ ಕಳೆಯಿರಿ, ದಾರಿಗೆ ಫೋನಿರಲಿ. ಇಷ್ಟಕ್ಕೆ ಹೆಚ್ಚೆಂದರೆ ಒಂದು ಅಟ್ಲಾಸಿನ ಖರ್ಚು. ಹಿರಿಯರನ್ನು ಕರೆದುಕೊಂಡು ಬಸ್ಸಿನಲ್ಲಿ ಕ್ಷೇತ್ರದರ್ಶನಕ್ಕೆ ಹೊರಡುವವರು ಘಾಟಿ ಯಾವುದು, ಅದನ್ನು ಹಗಲಿನಲ್ಲಿ ದಾಟುತ್ತೇವೆಯೇ ಎಂಬ ಎರಡನ್ನು ಅಲ್ಲಿಯವರಿಂದ ಕೇಳಿ ತಿಳಿದರೆ ಬಹಳಷ್ಟು ತೊಂದರೆ ತಪ್ಪುತ್ತದೆ, ಅವರಿಗೆ ಸರ್ವೆ ನಕ್ಷೆಯ ಅಗತ್ಯವಿಲ್ಲ. ಚಾರಣಿಗರು ಸರ್ವೆ ನಕ್ಷೆಯನ್ನು ಮನೆಯಲ್ಲಿ ಕುಳಿತು ಓದಿ, ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನು ಫೋನಿನಲ್ಲಿ ಒಯ್ಯಬೇಕು. ಕುದುರೆಮುಖದಂಥ ಕಡೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು. ರೈಲಿನಲ್ಲಿ ಮಂಗಳೂರಿಗೆ ಹೋಗುವವರು ಹಗಲಿನ ರೈಲನ್ನು ಆರಿಸಿ ಸಕಲೇಶಪುರ ದಾಟಿದ ಮೇಲೆ ಎತ್ತರದ ನಕ್ಷೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರೆ, ಸುಮಾರು 55 ಕಿಲೋಮೀಟರಿನ ಆ ಇಳಿತವನ್ನು 57 ಸುರಂಗಗಳ ನಡುನಡುವೆ ಕಣ್ಣಾರೆ ಓದಿದಂತಾಗುತ್ತದೆ.

ಸರ್ವೆ ನಕ್ಷೆಯನ್ನೇ ಆರಿಸಿಕೊಂಡವರಿಗೆ ಮುದ್ರಣದ ವಿಷಯದಲ್ಲಿ ಒಂದು ಮಾತು. ಹಾಳೆಯ ನಕ್ಷೆಯ ಭಾಗವೇ ಸುಮಾರು 54 ಸೆಂಟಿಮೀಟರ್ ಅಗಲವಿರುವುದರಿಂದ ಅದನ್ನು ಎ4 ಹಾಳೆಗೆ ಕುಗ್ಗಿಸಿದರೆ 2 ಸೆಂಟಿಮೀಟರಿಗೆ 1 ಕಿಲೋಮೀಟರ್ ಎಂಬ ಲೆಕ್ಕ ಕೆಡುತ್ತದೆ, ದಾರದ ಅಳತೆಯೂ ಸುಳ್ಳಾಗುತ್ತದೆ. ಕಟ್ಟಡದ ಪ್ಲಾನುಗಳನ್ನು ಮುದ್ರಿಸುವ ಅಂಗಡಿಗೆ ಪೆನ್‌ಡ್ರೈವ್ ಒಯ್ದು, ಎ1 ಹಾಳೆಯಲ್ಲಿ, ಹಾಳೆಗೆ ಹೊಂದಿಸದೆ, ಶೇಕಡಾ 100ರ ಅಳತೆಯಲ್ಲೇ ಮುದ್ರಿಸಿಕೊಡಿ ಎಂದು ಕೇಳಿ. ಹಣ ಕೊಡುವ ಮುನ್ನ ಅಂಚಿನಲ್ಲಿರುವ ಮಾನದ ಪಟ್ಟಿಯ ಮೇಲೆ ಅಳತೆಪಟ್ಟಿ ಇಟ್ಟು, 1 ಕಿಲೋಮೀಟರಿನ ಗುರುತು ಸರಿಯಾಗಿ 2 ಸೆಂಟಿಮೀಟರ್ ಇದೆಯೇ ಎಂದು ನೋಡಿಕೊಳ್ಳಿ.